ಹಳೆಯ ಚಿನ್ನ, ಹೊಸ ಬೆಸುಗೆ



ಕಳೆದ ತಿಂಗಳು ಸಂಘದ ಸಭಾಂಗಣದಲ್ಲಿ ನಾಟಕ ಮುಗಿದ ಮೇಲೆ ಕೇಸರಿಬಾತಿನ ತಟ್ಟೆ ಹಿಡಿದು ನಿಂತಿದ್ದೆ. ನಿಮ್ಮಲ್ಲೊಬ್ಬಳು ಬಂದು, "ಅಂಕಲ್, ಒಂದ್ನಿಮಿಷ" ಎಂದು ಮೂಲೆಗೆ ಕರೆದಳು. ಪರ್ಸಿನಿಂದ ಕರ್ಚೀಫಿನ ಗಂಟು ತೆಗೆದು ಬಿಚ್ಚಿದಳು. ಒಳಗೆ ಒಂದು ಜೊತೆ ಓಲೆ. ಧಾರವಾಡದಲ್ಲಿದ್ದ ಅಜ್ಜಿಯದು. ನಡುವೆ ಒಂದು ಹೂವು, ಹೂವಿನ ಸುತ್ತ ಸಣ್ಣ ಸಣ್ಣ ಚಿನ್ನದ ಕಾಳುಗಳ ಸಾಲು. ಒಂದು ಓಲೆಯಲ್ಲಿ ನಾಲ್ಕೈದು ಕಾಳು ಉದುರಿದ್ದವು.

ಅಮ್ಮನಿಗೆ ಅದನ್ನು ಕರಗಿಸಿ ಹೊಸದು ಮಾಡಿಸುವ ಯೋಚನೆ. ಒಡವೆ ಅಂಗಡಿಯವರು ಉಜ್ಜಿ ನೋಡಿ, ಹಳೇ ಮಾಲು, ಬೆಸುಗೆ ಜಾಸ್ತಿ, ಚಿನ್ನ ಕಮ್ಮಿ ಎಂದರಂತೆ. ಇದೇ ಡಿಸೈನನ್ನು "ಆಂಟಿಕ್ ಫಿನಿಶ್"ನಲ್ಲಿ ಮಾಡಿಕೊಡುತ್ತೇವೆ, ಯಾರೂ ಹೊಸದು ಅನ್ನಲಾರರು ಎಂದೂ ಭರವಸೆ ಕೊಟ್ಟರಂತೆ. ಹುಡುಗಿ ನನ್ನನ್ನು ಕೇಳಿದ್ದು ಇಷ್ಟೇ: "ಡಿಸೈನ್ ಅದೇ, ಚಿನ್ನಾನೂ ಅದೇ. ಹಾಗಾದ್ರೆ ಓಲೆನೂ ಅದೇ ಅಲ್ವಾ ಅಂಕಲ್?"

ತಟ್ಟೆಯಲ್ಲಿದ್ದ ಕೇಸರಿಬಾತು ಆರಿಹೋಯಿತೇ ಹೊರತು ನನಗೆ ಉತ್ತರ ಹೊಳೆಯಲಿಲ್ಲ. ಅಂಕಣದಲ್ಲಿ ಬರೆಯುತ್ತೇನೆ ಎಂದು ತಪ್ಪಿಸಿಕೊಂಡು ಬಂದೆ. ಈಗ ಬರೆಯಲೇಬೇಕು. ಆದರೆ ಆ ಓಲೆಗೆ ಬರುವ ಮುಂಚೆ ನಿಮ್ಮನ್ನು ರೋಮ್ ನಗರಕ್ಕೆ ಕರೆದುಕೊಂಡು ಹೋಗಿ ಬರುತ್ತೇನೆ. ಏಕೆಂದರೆ ಇದೇ ಪ್ರಶ್ನೆಯನ್ನು ಬೆನ್ನಿಗೆ ಕಟ್ಟಿಕೊಂಡು ಮೂರು ತಲೆಮಾರು ಒದ್ದಾಡಿದ ಒಂದು ಅಕ್ಕಸಾಲಿ ಮನೆತನ ಅಲ್ಲಿತ್ತು.

ಫೋರ್ಚುನಾಟೊ ಪಿಯೊ ಕ್ಯಾಸ್ಟೆಲ್ಲಾನಿ ಎಂಬಾತ 1814ರಲ್ಲಿ ರೋಮಿನಲ್ಲಿ ಒಡವೆ ಅಂಗಡಿ ತೆರೆದ. ಆಗ ಅವನಿಗೆ ಇಪ್ಪತ್ತು ವರ್ಷ. ಮೊದಮೊದಲು ಅವನು ಮಾಡುತ್ತಿದ್ದದ್ದು ಎಲ್ಲರೂ ಮಾಡುತ್ತಿದ್ದದ್ದೇ, ಪ್ಯಾರಿಸ್ಸಿನ ಫ್ಯಾಷನ್ ನೋಡಿ ನಕಲು. ಮಿಕೆಲಾಂಜೆಲೊ ಕಾಯ್ತಾನಿ ಎಂಬ ಶ್ರೀಮಂತ ವಿದ್ವಾಂಸನ ಸ್ನೇಹ ಅವನ ದಾರಿ ತಿರುಗಿಸಿತು. ಪರದೇಶದ್ದನ್ನು ಯಾಕೆ ನಕಲು ಮಾಡುತ್ತೀ, ನಿನ್ನ ಕಾಲಡಿಯ ಮಣ್ಣಿನಲ್ಲೇ ಇದೆಯಲ್ಲ ಎಂಬುದು ಅವನ ವಾದ.

ಕಾಲಡಿಯಲ್ಲಿ ಏನಿತ್ತು? ರೋಮನ್ನರಿಗಿಂತ ಮೊದಲು ಮಧ್ಯ ಇಟಲಿಯಲ್ಲಿ ಬಾಳಿದ ಎಟ್ರುಸ್ಕನ್ ಎಂಬ ಜನರ ಗೋರಿಗಳಿದ್ದವು. 1836ರಲ್ಲಿ ಚೆರ್ವೆತೆರಿ ಎಂಬ ಊರಿನಲ್ಲಿ ರೆಗೊಲೀನಿ ಎಂಬ ಪಾದ್ರಿ ಮತ್ತು ಗಲಾಸ್ಸಿ ಎಂಬ ಸೇನಾನಿ ಸೇರಿ ಅಂಥ ಒಂದು ಗೋರಿಯನ್ನು ಅಗೆಸಿದರು. ಕಳ್ಳರ ಕೈ ತಾಕದೆ ಉಳಿದಿದ್ದ ಗೋರಿ. ಕ್ರಿಸ್ತಪೂರ್ವ ಏಳನೆಯ ಶತಮಾನದ್ದು. ಒಳಗೆ ಚಿನ್ನವೋ ಚಿನ್ನ: ಎದೆ ಮುಚ್ಚುವಷ್ಟು ಅಗಲದ ತಗಡಿನ ಪದಕ, ಕಡಗಗಳು, ಬಟ್ಟೆಗೆ ಸಿಕ್ಕಿಸುವ ಒಂದಡಿ ಉದ್ದದ ಪಿನ್ನು. ಆ ಪಿನ್ನಿನ ಮೇಲೆ ಸಿಂಹಗಳು, ಬಾತುಕೋಳಿಗಳ ಸಾಲು. ಬೆಳ್ಳಿ ಪಾತ್ರೆಗಳ ಮೇಲೆ "ಲಾರ್ಥಿಯಾ" ಎಂದು ಹೆಸರು ಕೊರೆದಿತ್ತು. ನಾವು ಮದುವೆಯ ಪಾತ್ರೆಗಳ ಮೇಲೆ ಹೆಸರು ಕೊರೆಸುತ್ತೇವಲ್ಲ, ಹಾಗೆ. ಅದೆಲ್ಲ ಈಗ ವ್ಯಾಟಿಕನ್ನಿನ ಮ್ಯೂಸಿಯಂನಲ್ಲಿದೆ.

ಈ ಒಡವೆಗಳನ್ನು ಹತ್ತಿರದಿಂದ ನೋಡುವ ಅವಕಾಶ ಕ್ಯಾಸ್ಟೆಲ್ಲಾನಿಗೆ ಸಿಕ್ಕಿತು. ನೋಡಿದವನು ದಂಗಾದ. ಚಿನ್ನದ ತೂಕಕ್ಕಲ್ಲ, ಕಾಳುಗಳಿಗೆ. ಎಟ್ರುಸ್ಕನ್ನರ ಒಳ್ಳೆಯ ಕೆಲಸದಲ್ಲಿ ಮಿಲಿಮೀಟರಿನ ಐದನೆಯ ಒಂದು ಪಾಲಿಗಿಂತಲೂ ಸಣ್ಣ ಕಾಳುಗಳಿರುತ್ತವೆ. ನಮ್ಮ ಚಿರೋಟಿ ರವೆಯನ್ನು ಜರಡಿ ಹಿಡಿದು ಕೆಳಗೆ ಬಿದ್ದದ್ದನ್ನು ಒಂದೊಂದಾಗಿ ಜೋಡಿಸಿದರೆ ಹೇಗೋ ಹಾಗೆ. ಹತ್ತಿರ ನೋಡಿದರೆ ಪ್ರತಿ ಕಾಳೂ ದುಂಡಗೆ ಬಿಡಿಯಾಗಿ ನಿಂತಿದೆ. ಬೆಸುಗೆ ಹರಿದ ಗುರುತೇ ಇಲ್ಲ.

ಇದರ ಕಷ್ಟ ನಿಮಗೆ ತಿಳಿಯಬೇಕಾದರೆ ಬೆಸುಗೆ ಎಂದರೇನು ಎಂದು ಹೇಳಬೇಕು. ನಮ್ಮೂರಲ್ಲಿ ಮನೆಯ ಎದುರಿಗೇ ಪತ್ತಾರರ ಪಡಸಾಲೆ ಇತ್ತು. ಶಾಲೆ ಬಿಟ್ಟೊಡನೆ ನಾನು ಅಲ್ಲಿ ಹಾಜರು. ಚಿನ್ನದ ತಂತಿಯನ್ನು ಸಣ್ಣಗೆ ಕತ್ತರಿಸಿ, ಮೂಸೆಯಲ್ಲಿ ಇದ್ದಿಲ ಪುಡಿಯೊಂದಿಗೆ ಹಾಕಿ ಕಾಸಿದರೆ ಒಂದೊಂದು ತುಂಡೂ ತಾನಾಗಿಯೇ ಕರಗಿ ಗುಂಡಾಗುತ್ತದೆ. ಕಾಳು ಮಾಡುವುದು ಅಷ್ಟು ಸುಲಭ. ಕೂಡಿಸುವುದೇ ಕಷ್ಟ. ಪತ್ತಾರರು ಗುಲಗಂಜಿ ಅರೆದು ಅಂಟು ಮಾಡಿ, ಕುಂಚದ ತುದಿಯಿಂದ ಕಾಳನ್ನು ಎತ್ತಿ ಕೂರಿಸುತ್ತಿದ್ದರು. ಆಮೇಲೆ ಬಿಳಿಗಾರ, ಬೆಸುಗೆಯ ಪುಡಿ, ಊದುಗೊಳವೆ. ಬೆಸುಗೆ ಎಂದರೆ ಚಿನ್ನಕ್ಕೆ ಬೇರೆ ಲೋಹ ಬೆರೆಸಿ, ಬೇಗ ಕರಗುವಂತೆ ಮಾಡಿದ ಮಿಶ್ರಣ. ಒಡವೆಯ ಚಿನ್ನ ಕರಗುವ ಮೊದಲು ಅದು ಕರಗಿ ಸಂದಿಗೆ ಹರಿಯಬೇಕು. ಕಾಳು ದಪ್ಪಗಿದ್ದರೆ ಚಿಂತೆಯಿಲ್ಲ. ಕಾಳು ರವೆಗಿಂತ ಸಣ್ಣದಾದರೆ ಬೆಸುಗೆ ಅದನ್ನು ಮುಳುಗಿಸಿಬಿಡುತ್ತದೆ, ಪಾಯಸದಲ್ಲಿ ಸಾಬಕ್ಕಿ ಮುಳುಗಿದಂತೆ. ಪತ್ತಾರರು ಊದುವಾಗ ನಾನು ಉಸಿರು ಬಿಡಬಾರದು ಎಂಬುದು ಕಟ್ಟಪ್ಪಣೆ. ಒಮ್ಮೆ ಸೀನಿದ್ದಕ್ಕೆ ಒಂದು ವಾರ ಪಡಸಾಲೆ ಹತ್ತಿಸಲಿಲ್ಲ.

ಕ್ಯಾಸ್ಟೆಲ್ಲಾನಿ ಅಪ್ಪ ಮಕ್ಕಳು ಆ ಹಳೆಯ ಗುಟ್ಟನ್ನು ಹುಡುಕಲು ಹೊರಟರು. ಮಕ್ಕಳಲ್ಲಿ ಅಲೆಸ್ಸಾಂಡ್ರೊ ಹಿರಿಯ. ಎಳವೆಯಲ್ಲೇ ಒಂದು ಕೈ ಕಳೆದುಕೊಂಡಿದ್ದರಿಂದ ಕುಲುಮೆಯ ಮುಂದೆ ಕೂರುವಂತಿರಲಿಲ್ಲ, ಅದರ ಬದಲು ಓದಿದ, ಮಾತಾಡಿದ, ಮಾರಿದ. ಕಿರಿಯ ಔಗುಸ್ಟೊ ಅಂಗಡಿ ನಡೆಸಿದ. ಹಳೆಯ ಗ್ರಂಥ ತಡಕಿದರು, ರಸಾಯನಗಳನ್ನು ಬೆರೆಸಿ ನೋಡಿದರು. ಕೊನೆಗೆ ಅವರಿಗೆ ನೆರವಾದವರು ಸಾಂತಾಂಜೆಲೊ ಇನ್ ವಾದೊ ಎಂಬ ಗುಡ್ಡಗಾಡಿನ ಊರಿನ ಕೆಲಸಗಾರರು. ಪಟ್ಟಣದ ಫ್ಯಾಷನ್ ತಲುಪದ ಆ ಮೂಲೆಯಲ್ಲಿ ಹಳ್ಳಿಯ ಹೆಂಗಸರಿಗೆ ಹಳೆಯ ರೀತಿಯಲ್ಲೇ ಒಡವೆ ಮಾಡುವವರು ಇನ್ನೂ ಉಳಿದಿದ್ದರು. ಅವರನ್ನು ರೋಮಿಗೆ ಕರೆತಂದು ಕೆಲಸಕ್ಕೆ ಕೂರಿಸಿದರು. ಕಾಳು ಕೂರಿಸುವ ನಯದ ಕೆಲಸಕ್ಕೆ ಹೆಂಗಸರನ್ನೂ ನೇಮಿಸಿಕೊಂಡರು. ಬಿಳಿಗಾರದ ಬದಲು ಬೇರೆ ಲವಣ ಹಾಕಿದರು, ಬೆಸುಗೆಯನ್ನು ಅರದಿಂದ ಉಜ್ಜಿ ಬೂದಿಯಷ್ಟು ನುಣುಪಾದ ಪುಡಿ ಮಾಡಿದರು.

ನನಗೆ ಈ ಭಾಗ ಬಹಳ ಇಷ್ಟ. ವಿದ್ವಾಂಸರು ಪುಸ್ತಕದಲ್ಲಿ ಹುಡುಕಿದ್ದು ಹಳ್ಳಿಯ ಕಟ್ಟೆಯ ಮೇಲೆ ಕೂತಿತ್ತು. ಅಲ್ಲಿಯ ಜನ ಅದನ್ನು ಪ್ರಾಚೀನ ಕಲೆ ಎಂದು ಕರೆಯುತ್ತಿರಲಿಲ್ಲ, ಅವರಿಗೆ ಅದು ಹೊಟ್ಟೆಪಾಡು. ಅಲೆಸ್ಸಾಂಡ್ರೊ ಮುಂದೆ ಇಟಲಿಯ ರೈತ ಹೆಂಗಸರ ಒಡವೆಗಳನ್ನೇ ಸಂಗ್ರಹಿಸಿದ. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಆ ಸಂಗ್ರಹವನ್ನು ಲಂಡನ್ನಿನ ಸೌತ್ ಕೆನ್ಸಿಂಗ್‌ಟನ್ ಮ್ಯೂಸಿಯಂ ಕೊಂಡಿತು.

ಇಷ್ಟೆಲ್ಲ ಪಾಡು ಬರೀ ಅಲಂಕಾರಕ್ಕಲ್ಲ. ಆಗ ಇಟಲಿ ಎಂಬ ಒಂದು ದೇಶವೇ ಇರಲಿಲ್ಲ. ತುಂಡು ತುಂಡು ಸಂಸ್ಥಾನಗಳು, ರೋಮಿನಲ್ಲಿ ಪೋಪರ ಆಳ್ವಿಕೆ. 1861ರಲ್ಲಿ ಇಟಲಿ ರಾಜ್ಯ ಘೋಷಣೆಯಾಯಿತು, ರೋಮ್ ಅದಕ್ಕೆ ಸೇರಿದ್ದು 1870ರಲ್ಲಿ. ಕನ್ನಡ ಪ್ರದೇಶಗಳು ಒಂದಾಗುವ ಮುಂಚೆ ನಮ್ಮ ಹಿರಿಯರು ಹಂಪಿಯನ್ನು, ಬಾದಾಮಿಯನ್ನು ನೆನೆನೆನೆದು ಮಾತಾಡಿದ್ದು ನಿಮ್ಮ ಮನೆಯ ಅಜ್ಜಂದಿರಿಗೆ ಗೊತ್ತಿರುತ್ತದೆ, ಕೇಳಿ. ಕ್ಯಾಸ್ಟೆಲ್ಲಾನಿಗಳು ಅದೇ ಮಾತನ್ನು ಚಿನ್ನದಲ್ಲಿ ಆಡಿದರು. "ರೋಮಾ" ಎಂದು ಬರೆದ ಪದಕ ಧರಿಸುವುದೇ ಆಗ ಒಂದು ರಾಜಕೀಯ. ಅಲೆಸ್ಸಾಂಡ್ರೊ ಬರೀ ಒಡವೆಯಲ್ಲಿ ನಿಲ್ಲದೆ ಬಾಯಲ್ಲೂ ಆಡಿದ, ಪೋಪರ ಸರ್ಕಾರ ಅವನನ್ನು ರೋಮಿನಿಂದ ಓಡಿಸಿತು. 1860ರಲ್ಲಿ ಪ್ಯಾರಿಸ್ಸಿನ ವಿದ್ವಾಂಸರ ಮುಂದೆ, ಮರುವರ್ಷ ಲಂಡನ್ನಿನಲ್ಲಿ ಭಾಷಣ ಮಾಡಿ ತಮ್ಮ ಮನೆತನದ ಕೆಲಸವನ್ನು ವಿವರಿಸಿದ. 1862ರ ಲಂಡನ್ ಪ್ರದರ್ಶನದ ಹೊತ್ತಿಗೆ ಯುರೋಪಿನ ದೊಡ್ಡಮನೆ ಹೆಂಗಸರಿಗೆಲ್ಲ ಎಟ್ರುಸ್ಕನ್ ಓಲೆಯೇ ಬೇಕು. ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದುವವರು ಬ್ರೌನಿಂಗ್ ಕವಿಯ "ದಿ ರಿಂಗ್ ಆಂಡ್ ದಿ ಬುಕ್" ತೆಗೆದು ನೋಡಿ, ಆರಂಭದಲ್ಲೇ ಕ್ಯಾಸ್ಟೆಲ್ಲಾನಿ ಹೆಸರಿದೆ.

ಒಂದು ಮಾತನ್ನು ಗಮನಿಸಿ. ಅವರು ತಮ್ಮ ಒಡವೆಯ ಹಿಂಭಾಗದಲ್ಲಿ ತಮ್ಮ ಗುರುತು ಹಾಕುತ್ತಿದ್ದರು, ಒಂದಕ್ಕೊಂದು ಹೆಣೆದುಕೊಂಡ ಎರಡು "ಸಿ" ಅಕ್ಷರ. (ಷನೆಲ್ ಕಂಪನಿಯ ಗುರುತು ನೆನಪಾಯಿತೇ? ಇದು ಅದಕ್ಕಿಂತ ಎಷ್ಟೋ ಹಿಂದಿನದು.) ಅಂದರೆ, ಇದು ಹಳೆಯದರಂತೆ ಇದೆ, ಆದರೆ ಮಾಡಿದವರು ನಾವು ಎಂದು ಹೇಳಿಕೊಂಡೇ ಮಾರುತ್ತಿದ್ದರು. ಅಷ್ಟೇ ಅಲ್ಲ, ಹಳಬರ ಕಾಳಿನ ಕೆಲಸ ಪೂರ್ತಿಯಾಗಿ ತಮಗೆ ಕೈಗೂಡಿಲ್ಲ ಎಂದು ಅಲೆಸ್ಸಾಂಡ್ರೊ ಸಭೆಯಲ್ಲೇ ಒಪ್ಪಿಕೊಂಡ. ವ್ಯಾಪಾರಿಯ ಬಾಯಲ್ಲಿ ಬರುವ ಮಾತೇ ಅದು?

ಆದರೆ ಎಲ್ಲವೂ ಇಷ್ಟು ಚೊಕ್ಕವಾಗಿರಲಿಲ್ಲ. ರೋಮಿನಲ್ಲಿ ಕಂಪಾನಾ ಎಂಬ ಮಾರ್ಕ್ವಿಸ್ ಇದ್ದ. ಬಡವರು ಒಡವೆ ವಸ್ತು ಅಡವಿಟ್ಟು ಸಾಲ ಪಡೆಯುವ ಸಂಸ್ಥೆಗೆ ಅವನು ಮುಖ್ಯಸ್ಥ. ಅವನಿಗೆ ಪ್ರಾಚೀನ ವಸ್ತುಗಳ ಹುಚ್ಚು. ಆ ಹುಚ್ಚಿಗೆ ಸಂಸ್ಥೆಯ ಹಣವನ್ನೇ ಬಳಿದು ಹಾಕಿದ, 1857ರಲ್ಲಿ ಸಿಕ್ಕಿಬಿದ್ದ. ಅವನ ಭಾರಿ ಸಂಗ್ರಹ ಮಾರಾಟದ ಪಾಲಾಗಿ, 1861ರಲ್ಲಿ ಬಹುಪಾಲು ಫ್ರಾನ್ಸಿನ ಮೂರನೆಯ ನೆಪೋಲಿಯನ್ನನ ಕೈ ಸೇರಿತು. ಈಗ ಅದರ ಒಡವೆಗಳು ಲೂವ್ರ್ ಮ್ಯೂಸಿಯಂನಲ್ಲಿವೆ. ಅವುಗಳ ಪಟ್ಟಿ ಮಾಡಿದವರು, ಮುರಿದದ್ದನ್ನು ರಿಪೇರಿ ಮಾಡಿದವರು ಯಾರು? ಕ್ಯಾಸ್ಟೆಲ್ಲಾನಿಗಳೇ. ಇಪ್ಪತ್ತನೆಯ ಶತಮಾನದ ಪರೀಕ್ಷಕರು ಭೂತಗನ್ನಡಿ ಹಿಡಿದು ನೋಡಿದಾಗ ಕಂಡದ್ದೇನೆಂದರೆ, ಹಲವು "ಪ್ರಾಚೀನ" ಒಡವೆಗಳಲ್ಲಿ ಒಂದು ಗೋರಿಯ ಪದಕಕ್ಕೆ ಇನ್ನೊಂದು ಗೋರಿಯ ಸರ, ನಡುವೆ ಹತ್ತೊಂಬತ್ತನೆಯ ಶತಮಾನದ ಕೊಂಡಿ. ಕುತ್ತಿಗೆಗೆ ಹಾಕಿದರೆ ಚೆನ್ನಾಗಿ ಕಾಣುವಂತೆ ಪೂರ್ತಿ ಮಾಡಿಟ್ಟಿದ್ದರು. ಮೋಸ ಎನ್ನಲು ನನಗೆ ಮನಸ್ಸು ಬಾರದು. ಆ ಕಾಲದಲ್ಲಿ ಮುರಿದ ವಿಗ್ರಹಕ್ಕೆ ಹೊಸ ಮೂಗು ಕೂರಿಸುವುದು ಎಲ್ಲರೂ ಮಾಡುತ್ತಿದ್ದ ಕೆಲಸ. ಆದರೆ ಗುರುತು ಹಾಕದೆ ಮಾಡಿದ ರಿಪೇರಿಯಿಂದ ಯಾವುದು ಎಟ್ರುಸ್ಕನ್, ಯಾವುದು ಕ್ಯಾಸ್ಟೆಲ್ಲಾನಿ ಎಂದು ಬಿಡಿಸುವುದೇ ಮುಂದಿನವರಿಗೆ ಒಂದು ಉದ್ಯೋಗವಾಯಿತು.

ನಿಜವಾದ ಮೋಸದ ಕಥೆಯೂ ಇದೆ. 1896ರಲ್ಲಿ ಲೂವ್ರ್ ಮ್ಯೂಸಿಯಂ ಎರಡು ಲಕ್ಷ ಫ್ರಾಂಕ್ ಕೊಟ್ಟು ಒಂದು ಚಿನ್ನದ ಕಿರೀಟ ಕೊಂಡಿತು. ಕಪ್ಪು ಸಮುದ್ರದ ದಂಡೆಯ ಗ್ರೀಕರು ಸೈತಾಫರ್ನೀಸ್ ಎಂಬ ಸಿಥಿಯನ್ ರಾಜನಿಗೆ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಕೊಟ್ಟ ಕಾಣಿಕೆ ಎಂದು ಅದರ ಮೇಲೆಯೇ ಬರೆದಿತ್ತು. ಫುರ್ಟ್‌ವೆಂಗ್ಲರ್ ಎಂಬ ಜರ್ಮನ್ ಪಂಡಿತ ಆಗಲೇ ಸಂಶಯಪಟ್ಟ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1903ರಲ್ಲಿ ಗುಟ್ಟು ರಟ್ಟಾಯಿತು. ಒಡೆಸ್ಸಾ ನಗರದ ಇಸ್ರೇಲ್ ರುಖೊಮೊವ್‌ಸ್ಕಿ ಎಂಬ ಅಕ್ಕಸಾಲಿ ಪ್ಯಾರಿಸ್ಸಿಗೆ ಬಂದು, ಅದನ್ನು ಮಾಡಿದವನು ನಾನೇ ಎಂದ. ನಂಬದವರ ಎದುರಿಗೇ ಕೂತು ಅದರ ಒಂದು ಭಾಗವನ್ನು ಮತ್ತೆ ಮಾಡಿ ತೋರಿಸಿದ. ಪಾಪ, ಅವನಿಗೆ ಕೆಲಸ ಒಪ್ಪಿಸಿದ ವ್ಯಾಪಾರಿಗಳು ಇದೊಬ್ಬ ವಿದ್ವಾಂಸರಿಗೆ ಉಡುಗೊರೆ ಎಂದಷ್ಟೇ ಹೇಳಿದ್ದರಂತೆ. ಯೋಚಿಸಿ: ಕಿರೀಟದ ಚಿನ್ನ ಚಿನ್ನವೇ, ಕೆಲಸ ಅಪ್ಪಟ ಕೆಲಸವೇ. ಸುಳ್ಳಾದದ್ದು ಅದರ ಬಗ್ಗೆ ಹೇಳಿದ ಮಾತು ಮಾತ್ರ.

ಇದಕ್ಕೆ ತಿರುಗುಮುರುಗಾದದ್ದು ಲೇಯಾರ್ಡ್ ಸಾಹೇಬನ ಕಥೆ. 1839ರಲ್ಲಿ ಇಂಗ್ಲೆಂಡಿನಿಂದ ಸಿಲೋನಿಗೆಂದು ನೆಲದ ದಾರಿಯಲ್ಲಿ ಹೊರಟವನು ಮೆಸಪೊಟೇಮಿಯದಲ್ಲೇ ನಿಂತುಬಿಟ್ಟ, 1845ರಿಂದ ನಿಮ್ರೂದ್ ಅಗೆದು ಅಸ್ಸೀರಿಯದ ಅರಮನೆಗಳನ್ನು ಹೊರತೆಗೆದ. 1869ರಲ್ಲಿ ಮದುವೆಯಾದಾಗ, ತಾನು ತಂದಿದ್ದ ಕಲ್ಲಿನ ಮುದ್ರೆಗಳನ್ನು ಲಂಡನ್ನಿನ ಫಿಲಿಪ್ಸ್ ಬ್ರದರ್ಸ್ ಅಂಗಡಿಗೆ ಕೊಟ್ಟು ಹೆಂಡತಿ ಈನಿಡ್‌ಗೆ ಕಂಠಾಭರಣ, ಕಡಗ, ಓಲೆ ಮಾಡಿಸಿದ. ಎರಡು, ಮೂರು, ನಾಲ್ಕು ಸಾವಿರ ವರ್ಷದ ಮುದ್ರೆಗಳು, ಹೊಚ್ಚ ಹೊಸ ಚಿನ್ನದ ಚೌಕಟ್ಟು. 1873ರಲ್ಲಿ ವಿಕ್ಟೋರಿಯಾ ರಾಣಿಯ ಜೊತೆ ಊಟಕ್ಕೆ ಆಕೆ ಅದನ್ನೇ ಧರಿಸಿ ಹೋದಳು. ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಬ್ಯಾಬಿಲೋನಿನ ಯಾವನೋ ಗುಮಾಸ್ತ ಲೆಕ್ಕಕ್ಕೆ ಒತ್ತುತ್ತಿದ್ದ ಮುದ್ರೆ ರಾಣಿಯ ಊಟದ ಮನೆ ಸೇರಿತು. ಅದನ್ನು ಹಳೆಯ ಒಡವೆ ಎನ್ನೋಣವೋ, ಹೊಸದು ಎನ್ನೋಣವೋ?

ಈ ಗಾಳಿ ನಮ್ಮ ಕಡೆಗೂ ಬೀಸದೆ ಇರಲಿಲ್ಲ. ಚೆನ್ನೈಯಲ್ಲಿರುವ ಓದುಗರು ಮೌಂಟ್ ರಸ್ತೆಯಲ್ಲಿ ಪಿ. ಆರ್ ಆಂಡ್ ಸನ್ಸ್ ಎಂಬ ಗಡಿಯಾರದ ಅಂಗಡಿಯ ಕಟ್ಟಡ ನೋಡಿರುತ್ತೀರಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅವರು ದೇವಸ್ಥಾನದ ಮೂರ್ತಿಗಳನ್ನು ಚಿನ್ನ ಬೆಳ್ಳಿಯ ತಗಡಿನಲ್ಲಿ ಉಬ್ಬಿಸಿ ಕಡಗ, ಪದಕ ಮಾಡಿಸಿ ಬಿಳಿಯರಿಗೆ ಮಾರುತ್ತಿದ್ದರು. ಅದಕ್ಕೆ "ಸ್ವಾಮಿ" ಕೆಲಸ ಎಂದೇ ಹೆಸರು. 1875-76ರಲ್ಲಿ ವೇಲ್ಸ್ ರಾಜಕುಮಾರ ಇಲ್ಲಿಗೆ ಬಂದುಹೋದ ಮೇಲೆ ಅದರ ಬೇಡಿಕೆ ಇನ್ನೂ ಏರಿತು. ಗರ್ಭಗುಡಿಯ ದೇವರು ಮೇಡಮ್ಮನ ಮಣಿಕಟ್ಟಿಗೆ ಬಂದ. ಇಂದು ಅಂಗಡಿಯಲ್ಲಿ "ಟೆಂಪಲ್ ಜ್ಯುವೆಲರಿ" ಎಂದು ನೀವು ಕೊಳ್ಳುವುದು ಅದರ ದೂರದ ನೆಂಟ ಇರಬಹುದು. ಆ ಕಾಲದಲ್ಲಿ ನಮ್ಮ ಕೈಕೆಲಸದ ಪರವಾಗಿ ದೊಡ್ಡ ಗ್ರಂಥ ಬರೆದ ಜಾರ್ಜ್ ಬರ್ಡ್‌ವುಡ್ ಎಂಬ ಇಂಗ್ಲಿಷರವನು ಹುಟ್ಟಿದ್ದು 1832ರಲ್ಲಿ, ನಮ್ಮ ಬೆಳಗಾವಿಯಲ್ಲಿ. ಮುಂಬಯಿಯ ಮ್ಯೂಸಿಯಂ ಕಟ್ಟಲು ಓಡಾಡಿದವರಲ್ಲೂ ಅವನಿದ್ದ. ಅಕ್ಕಸಾಲಿಯನ್ನು ಅಷ್ಟು ಹೊಗಳಿದ ಅದೇ ಮನುಷ್ಯ 1910ರಲ್ಲಿ ಬುದ್ಧನ ವಿಗ್ರಹವೊಂದನ್ನು ಬೇಯಿಸಿದ ಕಡುಬಿಗೆ ಹೋಲಿಸಿ ಬೈಸಿಕೊಂಡ. ಇರಲಿ, ಅದು ಇನ್ನೊಂದು ಅಂಕಣದ ವಿಷಯ.

ಕಾಳಿನ ಗುಟ್ಟು ಏನಾಯಿತು ಎಂದು ಕೇಳುತ್ತೀರಾ? ಅಲೆಸ್ಸಾಂಡ್ರೊ ಕಣ್ಣು ಮುಚ್ಚಿ ಎಷ್ಟೋ ಕಾಲವಾದ ಮೇಲೆ, 1930ರ ದಶಕದಲ್ಲಿ, ಲಿಟ್ಲ್‌ಡೇಲ್ ಎಂಬ ಇಂಗ್ಲಿಷರವನು ಒಂದು ವಿಧಾನಕ್ಕೆ ಪೇಟೆಂಟ್ ಪಡೆದ. ಬೆಸುಗೆಯೇ ಬೇಡ. ತಾಮ್ರದ ಕಿಲುಬಿನಂಥ ಪದಾರ್ಥವನ್ನು ಅಂಟಿನಲ್ಲಿ ಕಲೆಸಿ, ಅದರಿಂದಲೇ ಕಾಳು ಅಂಟಿಸಬೇಕು. ಕಾಸಿದಾಗ ಅಂಟು ಸುಟ್ಟು ಇದ್ದಿಲಾಗುತ್ತದೆ, ಆ ಇದ್ದಿಲು ಕಿಲುಬಿನೊಳಗಿನ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ, ಉಳಿಯುವುದು ಅಣುವಿನಷ್ಟು ಶುದ್ಧ ತಾಮ್ರ. ಅಪ್ಪಟ ಚಿನ್ನ ಕರಗುವುದು 1064 ಡಿಗ್ರಿಗೆ. ಆದರೆ ಚಿನ್ನಕ್ಕೆ ತಾಮ್ರ ಬೆರೆತ ಜಾಗ ಅದಕ್ಕಿಂತ ನೂರೈವತ್ತು ಡಿಗ್ರಿಯಷ್ಟು ಕೆಳಗೇ ಕರಗುತ್ತದೆ. ಹಾಗಾಗಿ ಕಾಳು ಮುಟ್ಟಿದ ಬಿಂದುವಿನಲ್ಲಿ ಮಾತ್ರ ಕೂಡಿಕೊಳ್ಳುತ್ತದೆ, ಮಿಕ್ಕ ಕಾಳು ದುಂಡಗೆ ಉಳಿಯುತ್ತದೆ. ತಮಾಷೆ ಎಂದರೆ ಇದರ ಸುಳಿವು ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿಯ ಪುಸ್ತಕದಲ್ಲೇ ಇತ್ತು: ಚಿನ್ನ ಕೂಡಿಸಲು ತಾಮ್ರದ ಕಿಲುಬು, ಹುಡುಗನ ಉಚ್ಚೆ, ಒಂದಿಷ್ಟು ಕ್ಷಾರ. ಎರಡನೆಯದನ್ನು ಓದಿ ಮೂಗು ಮುಚ್ಚಿಕೊಂಡವರು ಮೊದಲನೆಯದನ್ನು ಮರೆತರೋ ಏನೋ.

ಈಗ ಕೊನೆಯದೊಂದು ಸುದ್ದಿ. ಕ್ಯಾಸ್ಟೆಲ್ಲಾನಿ ಮನೆತನದ ಸಂಗ್ರಹ 1919ರಲ್ಲಿ ಇಟಲಿ ಸರ್ಕಾರಕ್ಕೆ ಬಂತು. ರೋಮಿನ ವಿಲ್ಲಾ ಜೂಲಿಯಾ ಮ್ಯೂಸಿಯಂನಲ್ಲಿ ಹಳೆಯ ಒಡವೆಗಳೂ, ಅವನ್ನು ನೋಡಿ ಇವರು ಮಾಡಿದವೂ ಒಂದೇ ಕಡೆ ಇವೆ. 2013ರ ಈಸ್ಟರ್ ಹಬ್ಬದ ಸಮಯದಲ್ಲಿ ಕಳ್ಳರು ಹೊಗೆ ಎಬ್ಬಿಸಿ ಒಳನುಗ್ಗಿದರು. ಅವರು ಬಾಚಿಕೊಂಡು ಹೋದದ್ದು ಕ್ಯಾಸ್ಟೆಲ್ಲಾನಿಗಳು ಮಾಡಿದ ಒಡವೆಗಳನ್ನು! (ಬಹುಪಾಲನ್ನು ಪೊಲೀಸರು ಮುಂದೆ ಹುಡುಕಿ ತಂದರು.) ನಕಲು ಎನ್ನಿಸಿಕೊಂಡದ್ದಕ್ಕೂ ನೂರೈವತ್ತು ವರ್ಷವಾದರೆ ಕದಿಯುವಷ್ಟು ಬೆಲೆ ಬರುತ್ತದೆ ಎಂದಾಯಿತು.

ಇನ್ನು ನಮ್ಮ ಹುಡುಗಿಯ ಓಲೆ. ಮೊನ್ನೆ ಭಾನುವಾರ ಅವರ ಮನೆಗೇ ಹೋಗಿದ್ದೆ, ಅಂಚೆ ಚೀಟಿ ನೋಡುವ ಭೂತಗನ್ನಡಿ ಹಿಡಿದು. ಓಲೆಯನ್ನು ಬೋರಲು ಹಾಕಿ ನೋಡಿದೆವು. ಹಿಂಬದಿಯಲ್ಲಿ ಎರಡು ಬಣ್ಣದ ಬೆಸುಗೆ ಇದೆ, ಒಂದು ಕೆಂಪು ಛಾಯೆಯದು, ಇನ್ನೊಂದು ಬಿಳಚಿಕೊಂಡದ್ದು. ಅಂದರೆ ಹಿಂದೆಯೇ ಒಮ್ಮೆ ಯಾರೋ ರಿಪೇರಿ ಮಾಡಿದ್ದಾರೆ. ತಿರುಪು ಓಲೆಗಿಂತ ಹೊಸದು. ಒಂದರ ಅಂಚಿನಲ್ಲಿ ಉಗುರಿನಷ್ಟು ಸಣ್ಣ ತೇಪೆ, ಅದರ ಮೇಲಿನ ಕಾಳುಗಳು ಬೇರೆ ಕಾಳುಗಳಿಗಿಂತ ಒಂದು ಚೂರು ದಪ್ಪ. ಹುಡುಗಿಯ ತಾಯಿ ಗಾಜು ಇಸಿದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ, "ಇದು ನಾನು ಸಣ್ಣವಳಿದ್ದಾಗ ಬಾವಿಕಟ್ಟಿ ಮ್ಯಾಲೆ ಬಿದ್ದಿತ್ರೀ. ಅವ್ವ ಅತ್ತಿದ್ದು ನೆನಪದ. ಅಪ್ಪ ಹುಬ್ಬಳ್ಳಿಗೆ ಒಯ್ದು ಮಾಡಿಸಿಕೊಂಡು ಬಂದಿದ್ರು," ಎಂದರು. ಮಗಳಿಗೆ ಅದು ಅಂದೇ ಮೊದಲ ಸಲ ಗೊತ್ತಾದದ್ದು.

ಕರಗಿಸುವುದೋ ಬೇಡವೋ ಎಂಬ ಮಾತು ದೀಪಾವಳಿಗೆ ಮುಂದಕ್ಕೆ ಹೋಗಿದೆ. ಉದುರಿದ ಕಾಳು ಕೂರಿಸುವವರು ಈ ಊರಲ್ಲಿ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸುತ್ತಿದ್ದೇನೆ. ನಿಮಗೆ ಗೊತ್ತಿದ್ದರೆ ಸಂಘದ ಕಚೇರಿಗೆ ಒಂದು ಸಾಲು ಬರೆದು ಹಾಕಿ. ಹಾಗೆಯೇ ನಿಮ್ಮ ಮನೆಯ ಕಪಾಟಿನಲ್ಲೂ ಅಂಥದೊಂದು ಹಳೆಯ ಒಡವೆ ಇದ್ದರೆ, ಅಮ್ಮನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಬೋರಲು ಹಾಕಿ ನೋಡಿ. ಏನು ಕಂಡಿತು, ಅವರು ಏನು ಹೇಳಿದರು ಎಂದು ಬರೆಯಿರಿ. ಕನ್ನಡದಲ್ಲಿ ಬರೆದರೆ ಸಂತೋಷ, ಕಾಗುಣಿತ ತಪ್ಪಿದರೂ ಪರವಾಗಿಲ್ಲ, ನಾನು ತಿದ್ದಿಕೊಳ್ಳುತ್ತೇನೆ.